ಮೀನು ತಿರುಗಿ ಬಾರದ ಗೆರೆ

ಅವನ ಎಡಗಿವಿಯ ಮೇಲೆ ಯಾವಾಗಲೂ ಒಂದು ತುಕ್ಕಿನ ಗೆರೆ ಇರುತ್ತಿತ್ತು. ಮದುವೆಗೆ ಹೊರಟಾಗ ಮೈ ತಿಕ್ಕಿ ತೊಳೆದು, ಇಸ್ತ್ರಿ ಅಂಗಿ ತೊಟ್ಟು ಬಂದರೂ ಆ ಗೆರೆ ಮಾತ್ರ ಹೋಗುತ್ತಿರಲಿಲ್ಲ. ನಮ್ಮೂರ ಕೆರೆಯ ತೂಬಿಗೆ ಉದ್ದನೆಯ ಕಬ್ಬಿಣದ ಸಲಾಕೆಯೊಂದಿದೆ. ಮೇಲೆ ಅದನ್ನು ತಿರುಗಿಸಿದರೆ ನೀರಿನ ತಳದಲ್ಲಿ ಬಾಗಿಲು ಏಳುತ್ತದೆ, ನೀರು ಏರಿಯಡಿಯಿಂದ ಕಾಲುವೆಗೆ ನುಗ್ಗುತ್ತದೆ. ತಿರುಗಿಸಿದ ಮೇಲೆ ಅವನು ಸಲಾಕೆಗೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿ, ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವ ಹಾಗೆ ಕೇಳುತ್ತಿದ್ದ. ಆಮೇಲೆ ಹೇಳುತ್ತಿದ್ದ: "ಅರ್ಧ ಸುತ್ತು ಜಾಸ್ತಿ ಆಯ್ತು." ಇಲ್ಲವೇ, "ಒಳಗೆ ಸೊಪ್ಪು ಸಿಕ್ಕಂಡದೆ." ನಾನೂ ಒಮ್ಮೆ ಕಿವಿ ಇಟ್ಟು ನೋಡಿದೆ. ನನಗೆ ಕೇಳಿಸಿದ್ದು 'ಗೊಂಯ್' ಅಂತ ಮಾತ್ರ.

ಅವ್ವ ಅವನನ್ನು ಅಣ್ಣ ಅನ್ನುತ್ತಿದ್ದುದರಿಂದ ನನಗೆ ಅವನು ಮಾವ. ಹಾಗೇ ಊರಿಗೆಲ್ಲ ತೂಬಿನ ಮಾವ ಆಗಿಬಿಟ್ಟಿದ್ದ. ಕೆರೆಗೆ ನೀರು ಬಂದಾಗ ಯಾವ ಬಯಲಿಗೆ ಯಾವತ್ತು ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವ ನೀರಗಂಟಿ. ಓದಿದ್ದು ಎರಡನೇ ಕ್ಲಾಸು. ಬೆಳಗಾದರೆ ಒಂದು ಕೋಲು, ಒಂದು ಬುಟ್ಟಿ ಜೇಡಿಮಣ್ಣು ಹಿಡಿದು ಏರಿಯ ಮೇಲೆ ನಡೆಯುತ್ತ ಏಡಿ ಬಿಲ ಹುಡುಕುತ್ತಿದ್ದ. ಏಡಿ ಕೊರೆದ ಬಿಲದಿಂದ ನೀರು ಜಿನುಗುತ್ತದೆ, ಜಿನುಗಿದ್ದು ಹರಿಯುತ್ತದೆ, ಹರಿದದ್ದು ಏರಿಯನ್ನೇ ಒಡೆಯುತ್ತದೆ. ಹಾಗಾಗಿ ಲೋಕದಲ್ಲಿ ಅವನಿಗೆ ಶತ್ರು ಅಂತ ಇದ್ದದ್ದು ಏಡಿ ಒಂದೇ.

ಇನ್ನು ನನ್ನ ವಿಷಯ. ಎಪ್ಪತ್ತರ ದಶಕದ ನಡುವೆ ನಾನು ಮಂಡ್ಯದ ಕಾಲೇಜಿನಲ್ಲಿ ಪಿ.ಯು.ಸಿ. ಓದಿ, ಅಂದರೆ ಪಿ.ಯು.ಸಿ. ಓದುವವರ ಜೊತೆ ಓಡಾಡಿ, ಭೌತಶಾಸ್ತ್ರದಲ್ಲಿ ಫೇಲಾಗಿ ಊರಿಗೆ ಬಂದಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಲೋಲಕದ ಗುಂಡಿಗೆ ಗಂಟು ಸರಿಯಾಗಿ ಹಾಕದೆ, ಅದು ಮೂರನೇ ತೂಗಾಟಕ್ಕೆ ದಾರ ಬಿಚ್ಚಿಕೊಂಡು ನಮ್ಮ ಮೇಷ್ಟ್ರ ಕಾಲ ಹೆಬ್ಬೆರಳ ಮೇಲೆ ಬಿದ್ದಿತ್ತು. ಗುರುತ್ವಾಕರ್ಷಣೆ ಇದೆ ಎಂದು ಇಷ್ಟು ಚೆನ್ನಾಗಿ ತೋರಿಸಿದವರು ಆ ವರ್ಷ ಬೇರೆ ಯಾರೂ ಇರಲಿಲ್ಲ. ಆದರೂ ಪಾಸು ಮಾಡಲಿಲ್ಲ.

ಊರಲ್ಲಿ ಮುಖ ಉಳಿಸಿಕೊಳ್ಳಬೇಕಲ್ಲ. "ಫೇಲಲ್ಲ, ನಕ್ಷತ್ರಗಳ ಮೇಲೆ ಓದ್ತಾ ಇದೀನಿ, ಅದಕ್ಕೆ ಟೈಮ್ ಹಿಡಿಯುತ್ತೆ" ಎಂದು ಹಬ್ಬಿಸಿದೆ. ಮಾರನೆಯ ದಿನವೇ ಹೆಣ್ಣು ಹೆತ್ತವರಿಬ್ಬರು ಜಾತಕ ಹಿಡಿದು ಜಗಲಿಯ ಮೇಲೆ ಬಂದು ಕೂತರು. ಅವರನ್ನು ಸಾಗಹಾಕುವಷ್ಟರಲ್ಲಿ ಒಂದು ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದ್ದೆ. ಆ ಹುಡುಗಿ ನನಗೆ ಈಗಲೂ ಮುಖ ಕೊಟ್ಟು ಮಾತಾಡುವುದಿಲ್ಲ.

ತೂಬಿನ ಮಾವ ಮಾತ್ರ ಬೇರೆ ಥರ ಬಂದ. ಏರಿಯ ಮೇಲೆ ನನ್ನನ್ನು ತಡೆದು ನಿಲ್ಲಿಸಿ ಕೇಳಿದ.

"ನಕ್ಸತ್ರ ಅಂದ್ರೆ ಏನ್ಲಾ? ಓದಿದ್ದೀಯಲ್ಲ, ಯೋಳು."

"ಬೆಂಕಿ ಉಂಡೆ ಮಾವ. ಬೋ ದೂರದಲ್ಲಿ ಉರೀತಾ ಅವೆ."

"ಯಾರ್ ಓಗಿ ನೋಡಿದ್ರು?"

"ಪುಸ್ತಕದಲ್ಲಿ ಅದೆ."

"ಪುಸ್ತಕ ಬರ್ದೋನು ಯೆಂಗ್ ನೋಡ್ದ?"

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಫೇಲಾಗುತ್ತಿರಲಿಲ್ಲ. ಆಗ ಮಾವ ತನ್ನ ಲೆಕ್ಕ ಹೇಳಿದ. ಆಕಾಶ ಅನ್ನುವುದು ಒಂದು ಏರಿ. ಅದರ ಆಚೆ ಕಡೆ ಬೆಳಕು ಕೆರೆಯ ಹಾಗೆ ತುಂಬಿ ನಿಂತಿದೆ. ಏರಿಯಲ್ಲಿ ಅಲ್ಲಲ್ಲಿ ಏಡಿ ಬಿಲ. ಅವುಗಳಲ್ಲಿ ಜಿನುಗುವ ಬೆಳಕೇ ನಕ್ಷತ್ರ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಒಂದು ವಾರ ಅದನ್ನೇ ಹೇಳಿ, ಆಕಾಶದಲ್ಲಿ ಏಡಿ ನಡೆಯುವ ಹಾಗೆ ನಡೆದು ತೋರಿಸಿ, ಬಿಟ್ಟಿ ಕಾಫಿ ಕುಡಿದೆ.

ಒಂದು ತಿಂಗಳಾದ ಮೇಲೆ ಮಾವ ತಾನಾಗಿಯೇ ಬಂದು, "ನನ್ ಮಾತು ತಪ್ಪು ಕಣ್ಲಾ" ಅಂದ.

"ಯಾಕ್ ಮಾವ, ಏಡಿ ಸತ್ತೋದ್ವಾ?"

"ಬಿಲ ಅಂದ್ಮ್ಯಾಲೆ ದೊಡ್ಡದಾಗ್ಬೇಕು, ಇಲ್ಲಾಂದ್ರೆ ಮುಚ್ಕಬೇಕು. ಇದ್ದಂಗೇ ಇರಾಕಿಲ್ಲ. ನಾನು ಸಣ್ಣೋನಾಗಿದ್ದಾಗಿಂದ ನೋಡ್ತಾ ಇವ್ನಿ, ಒಂದಾರೂ ದೊಡ್ಡದಾಗಿಲ್ಲ. ಅಂಗಾದ್ರೆ ಅವು ಬಿಲ ಅಲ್ಲ. ನಿನ್ ಬೆಂಕಿ ಉಂಡೇನೇ ಇರ್ಬೋದು."

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋದ. ನಾನು ಹೇಳಿದ್ದು ಸರಿ, ಯಾಕೆ ಸರಿ ಅಂತ ನನಗೆ ಗೊತ್ತಿಲ್ಲ. ಅವನು ಹೇಳಿದ್ದು ತಪ್ಪು, ಯಾಕೆ ತಪ್ಪು ಅಂತ ಅವನಿಗೆ ಗೊತ್ತು. ಇಬ್ಬರಲ್ಲಿ ಯಾರು ಫೇಲು ಎಂದು ಆವತ್ತು ಮೊದಲ ಸಲ ಅನುಮಾನ ಬಂತು. ಅನುಮಾನ ಬಂದರೂ ಏಡಿ ನಡಿಗೆಯನ್ನು ನಾನು ನಿಲ್ಲಿಸಲಿಲ್ಲ, ಕಾಫಿ ಬರುತ್ತಿತ್ತು.

ಹೀಗಿರುವಾಗ ಪೇಪರಿನ ಭಾನುವಾರದ ಪುಟದಲ್ಲಿ ಕಪ್ಪು ಕುಳಿಯ ಬಗ್ಗೆ ಬಂತು. ದೊಡ್ಡ ನಕ್ಷತ್ರ ಉರಿದು ಮುಗಿದ ಮೇಲೆ ತನ್ನೊಳಕ್ಕೇ ಕುಸಿಯುತ್ತದಂತೆ, ಆಮೇಲೆ ಹತ್ತಿರ ಬಂದದ್ದನ್ನೆಲ್ಲ ನುಂಗುತ್ತದಂತೆ, ಬೆಳಕು ಕೂಡ ಅದರಿಂದ ತಪ್ಪಿಸಿಕೊಂಡು ಹೊರಗೆ ಬರಲಾರದಂತೆ. ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದೆ. ಓದಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸಿದೆ: "ಒಂದು ಕಪ್ಪು ಕುಳಿ ಬಂತು ಅಂದ್ರೆ ಮೊದಲು ಮಳವಳ್ಳಿ, ಆಮೇಲೆ ಮದ್ದೂರು, ಬೆಸಗರಹಳ್ಳಿ ಬಸ್ಸು ಪ್ಯಾಸೆಂಜರ್ ಸಮೇತ."

"ಮೊದ್ಲು ನಿನ್ನ ನುಂಗ್ಲಿ ಬುಡು, ಊರು ತಣ್ಣಗಿರ್ತದೆ" ಅಂದರು ಹೋಟೆಲಿನವರು.

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಮಾವ ನಗಲಿಲ್ಲ. ಲೋಟ ಕೆಳಗಿಟ್ಟು, "ಬೆಳಕೂ ಬರಾಕಿಲ್ವಾ?" ಎಂದು ಒಂದೇ ಸಲ ಕೇಳಿದ.

ಮಾರನೆಯ ಬೆಳಿಗ್ಗೆ ನನ್ನನ್ನು ತೂಬಿನ ಹತ್ತಿರ ಕರೆಸಿದ. ಸೊಂಟದಲ್ಲಿ ಒಂದು ಚೀಲ ಭತ್ತದ ಹೊಟ್ಟು ಕಟ್ಟಿಕೊಂಡಿದ್ದ. ತೂಬು ತೆರೆದಿತ್ತು. ಸಲಾಕೆಯ ಪಕ್ಕದಲ್ಲಿ ನೀರು ಸುಳಿಯಾಗಿ ತಿರುಗುತ್ತ ಒಳಗೆ ಇಳಿಯುತ್ತಿತ್ತು. ಮಾವ ಒಂದು ಹಿಡಿ ಹೊಟ್ಟು ದೂರದಲ್ಲಿ ಚೆಲ್ಲಿದ. ಅದು ಸೋಮಾರಿಯಾಗಿ ತೇಲಿತು. ಇನ್ನೊಂದು ಹಿಡಿ ಹತ್ತಿರ ಚೆಲ್ಲಿದ. ಅದು ಗಿರ್ರನೆ ಸುತ್ತಿ ಮಾಯವಾಯಿತು.

"ಇಲ್ ನೋಡು, ಮೀನ. ಇಲ್ಲಿಗಂಟ ಬತ್ತವೆ, ತಿರುಗ್ಕಂಡು ಓಯ್ತವೆ. ಇಲ್ಲಿಂದ ಒಂದ್ ಗೇಣು ಒಳಕ್ಕೆ ಬಂದ್ರೆ ಮುಗೀತು."

"ಅಷ್ಟೊತ್ಗೆ ಸುಸ್ತಾಗಿರ್ತವೆ."

"ಸುಸ್ತಲ್ಲ ಕಣ್ಲಾ. ಮೀನು ಅದೇ ಮೀನು, ಈಜೋದೂ ಅಷ್ಟೇ ಈಜ್ತದೆ. ಅಲ್ಲಿ ನೀರು ಮೀನಿಗಿಂತ ಬಿರ್ರನೆ ಒಳಕ್ಕೆ ಓಯ್ತಾ ಅದೆ. ನಿಂತಿರೋ ಜಾಗ್ವೇ ಓಯ್ತಾ ಇದ್ರೆ ಮೀನು ಏನ್ ಮಾಡಾತು?"

ಸುಳಿಯ ಸುತ್ತ, ಮೀನು ತಿರುಗಿ ಬಾರದ ಆ ಗೆರೆಯ ಉದ್ದಕ್ಕೂ, ಅವನು ಬಿದಿರಿನ ಕಡ್ಡಿ ನೆಟ್ಟಿದ್ದ. ಹೊಟ್ಟು ಚೆಲ್ಲಿ ಚೆಲ್ಲಿ ನೋಡಿ ನೆಟ್ಟದ್ದು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ಜೋಪಾನವಾಗಿ, ಒಂದೊಂದೇ ಮಾತಾಗಿ ಕೇಳಿದ:

"ಬೆಳಕು ಆಚೆಗೆ ಬರಾಕಿಲ್ಲ ಅಂದ್ಯಲ್ಲ. ಅದು ಬೆಳಕಿಗೆ ಸಕ್ತಿ ಸಾಲ್ದಕ್ಕಾ? ಇಲ್ಲಾ ಬೆಳಕು ಇರೋ ಜಾಗ್ವೇ ಒಳಕ್ಕೆ ಓಯ್ತಾ ಇರದಕ್ಕಾ?"

ಮದ್ದೂರಿನ ಹೈಸ್ಕೂಲಿನಲ್ಲಿ ಮುಂದಿನ ಭಾನುವಾರ ಆಕಾಶದ ಬಗ್ಗೆ ಭಾಷಣವಿತ್ತು. ಮಾತಾಡುವವರು ನಮ್ಮ ಮಂಡ್ಯದ ಮೇಷ್ಟ್ರು, ಅದೇ ಹೆಬ್ಬೆರಳಿನವರು. ಮಾವನಿಗೆ ಹೋಗುವ ಆಸೆ. ಆದರೆ ಆ ಭಾನುವಾರ ಕೊನೆ ಬಯಲಿನ ಸರದಿ. ಅಲ್ಲಿಯವರು ಎಲ್ಲರಿಗೂ ಹರಿದು ಮಿಕ್ಕ ನೀರಿಗೆ ಹದಿನೈದು ದಿನದಿಂದ ಕಾಯುತ್ತಿದ್ದರು. ತೂಬು ಬಿಟ್ಟು ಬರುವ ಹಾಗಿರಲಿಲ್ಲ.

"ನೀನ್ ಓಗಿ ಕೇಳ್ಕಂಡ್ ಬಾ. ಅವ್ರು ಅಂದಿದ್ದು ಅಂದಂಗೇ ಬೇಕು. ಆ ಒಂದು ಮಾತು ಗೊತ್ತಾಗ್ಬೇಕು ನಂಗೆ, ಸಾಯೋದ್ರೊಳಗೆ."

"ಆಯ್ತು ಮಾವ" ಅಂದೆ.

ಭಾಷಣ ಮುಗಿದು, ಯಾರಾದರೂ ಪ್ರಶ್ನೆ ಕೇಳಬಹುದು ಅಂದಾಗ ಎದ್ದು ನಿಂತೆ. ಇನ್ನೂರು ಜನ ನನ್ನ ಕಡೆ ತಿರುಗಿದರು. ಇನ್ನೂರು ಮುಖ ಒಟ್ಟಿಗೆ ಕಂಡರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಸಾರ್, ನಮ್ಮೂರಲ್ಲಿ ತೂಬು ತಿರುಗಿಸೋರೊಬ್ಬರು ಇದ್ದಾರೆ. ಕಪ್ಪು ಕುಳಿಯೂ ನಮ್ಮ ಕೆರೆ ತೂಬೂ ಒಂದೇ ಇಲಾಖೆಗೆ ಸೇರಿದ್ದು ಅಂತಾರೆ. ಬೆಳಕಿನ ಜೊತೆ ಜಾಗವೇ ಹರಿದು ಹೋಗುತ್ತಂತೆ. ಅಲ್ಲೂ ನೀರಗಂಟಿ ಕೆಲಸ ಖಾಲಿ ಇದ್ದರೆ ಅರ್ಜಿ ಹಾಕಬೇಕಂತೆ."

ಹೈಸ್ಕೂಲಿನ ಹೆಂಚು ಹಾರುವಷ್ಟು ನಗು. ಹಿಂದಿನ ಬೆಂಚಿನವನು ಬೆನ್ನು ತಟ್ಟಿದ. ಪಕ್ಕದವನು ಯಾವೂರು ಎಂದು ಕೇಳಿದ. ನಾನು ಎಡಕ್ಕೂ ಬಲಕ್ಕೂ ತಲೆಬಾಗಿಸುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ನಗದೆ ಬೋರ್ಡಿನ ಕಡೆ ತಿರುಗಿ ಏನೋ ಬರೆದು, ಐದು ನಿಮಿಷ ಏನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ: "ಅರ್ಥವಾಯಿತೇನಪ್ಪ?"

"ಆಯ್ತು ಸಾರ್."

ಸಂಜೆ ಬಸ್ಸಿಳಿದು ಏರಿಗೆ ಬಂದರೆ, ಮಾವ ತೂಬು ಮುಚ್ಚಿ ನನ್ನ ದಾರಿ ನೋಡುತ್ತ ಕೂತಿದ್ದ.

"ಏನಂದ್ರು?"

ಸರಿ ಅಂದರು ಎಂದರೆ ಹೇಗೆ ಸರಿ ಎಂದು ಕೇಳುತ್ತಾನೆ. ತಪ್ಪು ಅಂದರೆ ಅಲ್ಲಿಗೆ ಮುಗಿಯುತ್ತದೆ. ನನ್ನ ಪರೀಕ್ಷೆಗಳೆಲ್ಲ ಹಾಗೇ ಮುಗಿದಿದ್ದವು.

"ತಪ್ಪು ಅಂದ್ರು ಮಾವ."

"ಎಲ್ಲಿ ತಪ್ಪು ಅಂದ್ರು?"

ಇದನ್ನು ನಾನು ಯೋಚಿಸಿರಲಿಲ್ಲ. "ಮೀನು ಬೇರೆ, ಬೆಳಕು ಬೇರೆ ಅಂದ್ರು."

"ಅದು ನಂಗೂ ಗೊತ್ತು. ಅಷ್ಟೊಂದ್ ಓದಿರೋರು ಅಷ್ಟಕ್ಕೇ ಬುಡಾಕಿಲ್ಲ. ಇನ್ನೇನಂದ್ರು?"

"ಗೆರೆ ಅಂತ ಒಂದು ಇರಲ್ವಂತೆ" ಎಂದು ಬಾಯಿಗೆ ಬಂದದ್ದು ಹೇಳಿ ಮನೆಗೆ ಓಡಿದೆ.

ಅವನು ನಂಬಿದ. ನನ್ನನ್ನಲ್ಲ, ಮೇಷ್ಟ್ರನ್ನು. ಗೆರೆ ಇಲ್ಲ ಅಂದಿದ್ದಾರೆ ಅಂದರೆ ತಾನು ನೋಡಿದ್ದರಲ್ಲೇ ಎಲ್ಲೋ ತಪ್ಪಿದೆ ಎಂದು ಮಾರನೆಯ ದಿನದಿಂದ ಕಡ್ಡಿ ಕಿತ್ತು ಮತ್ತೆ ನೆಡಲು ಶುರು ಮಾಡಿದ. ತೂಬು ತೆರೆದಿರುವಷ್ಟು ಹೊತ್ತೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎದೆಮಟ್ಟ ನೀರಲ್ಲಿ ನಿಂತು ಹೊಟ್ಟು ಚೆಲ್ಲುವುದು, ನೋಡುವುದು, ಚೆಲ್ಲುವುದು. ಅದು ಚಳಿಯ ಕಾಲ. ಒಂದು ವಾರಕ್ಕೆ ಜ್ವರ ಹಿಡಿದು ಕಂಬಳಿ ಹೊದ್ದು ಮಲಗಿದ. ಜ್ವರದಲ್ಲೂ, "ಗೆರೆ ಅದೆ, ಇಲ್ಲ ಅಂದ್ರೆ ಯೆಂಗೆ" ಎಂದು ಗೊಣಗುತ್ತಿದ್ದನಂತೆ. ನೋಡಿಕೊಂಡು ಬಂದ ಅವ್ವ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದಳು.

"ಏನ್ ಯೋಳ್ದೆ ನಮ್ಮಣ್ಣನಿಗೆ?"

ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನಿನ್ ಬಾಯಿಗೊಂದು ತೂಬು ಮಡಗ್ಬೇಕಿತ್ತು ಕಣ್ಲಾ ದೇವ್ರು. ಓಗು. ಮಂಡ್ಯಕ್ಕೆ ಓಗು. ಆ ಮಾತು ತಕ್ಕಂಡು ಬರೋಗಂಟ ಮನೆಗೆ ಬರ್ಬೇಡ."

ಇಡೀ ಮಂಡ್ಯದಲ್ಲಿ ನಾನು ನೋಡಬಾರದೆಂದುಕೊಂಡಿದ್ದ ಮುಖ ಒಂದೇ. ಅವರ ಕೋಣೆಯ ಮುಂದೆ ಮೂರು ಸಲ ಹಾದುಹೋದೆ. ನಾಲ್ಕನೇ ಸಲ ಅವರೇ, "ಒಳಗೆ ಬಾರಪ್ಪ, ಈಗ ಚಪ್ಪಲಿ ಬಿಟ್ಟು ಶೂ ಹಾಕ್ತೀನಿ, ಹೆದರಬೇಡ" ಅಂದರು.

ನಿಂತೇ ಎಲ್ಲ ಹೇಳಿದೆ. ತಮಾಷೆ ಮಾಡಿದ್ದು, ಉತ್ತರ ಕೇಳಿಸಿಕೊಳ್ಳದ್ದು, ಸುಳ್ಳು ಹೇಳಿದ್ದು, ಜ್ವರ. ಕೊನೆಗೆ ಮಾವನ ಪ್ರಶ್ನೆಯನ್ನು ಅವನು ಕೇಳಿದ ಹಾಗೇ, ಏನೂ ಸೇರಿಸದೆ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಅವರು ಎಲ್ಲಿ ಓದಿದ್ರು?"

"ಓದಿಲ್ಲ ಸಾರ್. ತೂಬಲ್ಲಿ ನೋಡಿದ್ದು."

"ಎರಡನೆಯದೇ ಸರಿ ಅಂತ ಹೇಳು. ಬೆಳಕಿಗೆ ಸುಸ್ತಾಗಲ್ಲ. ಅದರ ವೇಗ ಕಮ್ಮಿಯಾಗಲ್ಲ. ಜಾಗವೇ ಒಳಕ್ಕೆ ಹರೀತಿದೆ ಅಂತ ಇಟ್ಟುಕೊಂಡರೆ ಲೆಕ್ಕ ಸರಿಯಾಗುತ್ತೆ. ಗೆರೆಯೂ ಇದೆ. ಆವತ್ತು ಬೋರ್ಡಿನ ಮೇಲೆ ನಾನು ಬರೆದದ್ದು ಅದನ್ನೇ." ಕನ್ನಡಕ ಮತ್ತೆ ಹಾಕಿಕೊಂಡು, "ಅವರಿಗೆ ನನ್ನದೊಂದು ಪ್ರಶ್ನೆ ತಗೊಂಡು ಹೋಗು. ಆ ಗೆರೆ ದಾಟುವಾಗ ಮೀನಿಗೆ ಏನು ಗೊತ್ತಾಗುತ್ತೆ? ಕೇಳ್ಕೊಂಡು ಬಂದು ನನಗೆ ಹೇಳಬೇಕು."

ಮೂರು ಸಲ ನನ್ನ ಬಾಯಲ್ಲಿ ಹೇಳಿಸಿ ಕಳಿಸಿದರು. ಬಸ್ಸಿನಲ್ಲಿ ಯಾರೊಂದಿಗೂ ಮಾತಾಡದೆ ಬಂದೆ. ಕಂಡಕ್ಟರು ಪರಿಚಯದವನು, ಹುಷಾರಿಲ್ಲವೇನೋ ಎಂದು ಕೇಳಿದ.

ಮಾವ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮೇಷ್ಟ್ರ ಉತ್ತರಕ್ಕೆ ಮುಂಚೆ ಆವತ್ತಿನದನ್ನೆಲ್ಲ ಒಪ್ಪಿಕೊಂಡೆ.

"ಜನ ನಕ್ರಾ?" ಎಂದ.

"ನಕ್ರು."

"ನನ್ ಮಾತಿಗಾ, ನೀನ್ ಯೋಳಿದ್ದಕ್ಕಾ?"

"ನಾನ್ ಯೋಳಿದ್ದಕ್ಕೆ."

"ಇನ್ನೊಬ್ರ ಮಾತು ಒತ್ಕಂಡು ಓಗೋನು ತುಂಬಿದ್ ಕೊಡ ಒತ್ಕಂಡಂಗೆ ಓಗ್ಬೇಕು ಕಣ್ಲಾ. ದಾರೀಲಿ ಕುಣುದ್ರೆ ಚೆಲ್ಲೋಯ್ತದೆ." ಬೈದದ್ದು ಅಷ್ಟೇ. "ಈಗ ಯೋಳು, ಏನಂದ್ರು."

ಹೇಳಿದೆ. ಎರಡನೆಯದೇ ಸರಿಯಂತೆ ಅಂದಾಗ ಅವನು ಕಂಬಳಿ ಸರಿಸಿ, ಒಳಗೆ ಮುದ್ದೆ ತಿರುವುತ್ತಿದ್ದ ಅತ್ತೆಗೆ, "ಗೆರೆ ಅದಂತೆ ಕಣಮ್ಮಿ" ಅಂದ. "ಇದ್ರೆ ಇರ್ಲಿ, ಮೊದ್ಲು ಉಣ್ಣು" ಅಂದಳು ಅತ್ತೆ. ಆವತ್ತು ಎರಡು ಮುದ್ದೆ ಉಂಡ.

ಮೇಷ್ಟ್ರ ಪ್ರಶ್ನೆಗೆ ಮಾತ್ರ ತಕ್ಷಣ ಉತ್ತರ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ತೂಬಿನ ಹತ್ತಿರ ನಿಂತು ಹೇಳಿದ.

"ಏನೂ ಗೊತ್ತಾಗಾಕಿಲ್ಲ. ಬರ್ಕೋ. ನಾನೇ ಓಗಿದ್ದೆ ಒಂದ್ಸಾರಿ, ವಯ್ಸಿನಾಗೆ. ತೂಬು ತೆಗ್ದಿದ್ರೂ ಈಜಾಕೆ ಇಳ್ದೆ. ನೀರು ತಣ್ಣಗಿತ್ತು, ಸುಖವಾಗಿತ್ತು. ಏರಿ ಮ್ಯಾಲೆ ನಮ್ಮಪ್ಪ ಬಾಯಿ ಬಡ್ಕತಿದ್ದ. ಯಾಕಿಂಗ್ ಬಡ್ಕತಾನೆ ಅನ್ಕಂಡೆ. ಅಗ್ಗ ಎಸ್ದು ಎಳ್ಕಂಡ್ನಲ್ಲ, ಆಗ ಗೊತ್ತಾಗಿದ್ದು. ನೀರ್ ಜೊತೇಲೇ ಓಗೋನಿಗೆ ಗೆರೆ ಕಾಣಾಕಿಲ್ಲ. ದಡದಾಗೆ ನಿಂತಿರೋನಿಗೆ ಕಾಣ್ತದೆ."

ಅಂದದ್ದು ಅಂದ ಹಾಗೇ ಕಾರ್ಡಿನಲ್ಲಿ ಬರೆದು ಹಾಕಿದೆ. ವಾರದೊಳಗೆ ಮೇಷ್ಟ್ರ ಕಾರ್ಡು ಬಂತು: "ಸರಿ. ನಮ್ಮ ಪುಸ್ತಕಗಳೂ ಹಾಗೇ ಹೇಳುತ್ತವೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಅಕ್ಟೋಬರಿನಲ್ಲಿ ಪರೀಕ್ಷೆಗೆ ಕೂತುಕೋ." ಮಾವ ಅದನ್ನು ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮೂರನೇ ದಿನ ಮರೆತು ಅಂಗಿ ಸಮೇತ ನೀರಿಗಿಳಿದ. ಅಕ್ಷರವೆಲ್ಲ ಅಳಿಸಿಹೋಯಿತು. "ಓದಿಯಾಯ್ತಲ್ಲ" ಅಂದ.

ಅಕ್ಟೋಬರಿನಲ್ಲಿ ಪಾಸಾದೆ. ಮೂವತ್ತೈದು ಬೇಕಿತ್ತು, ಮೂವತ್ತಾರು ಬಂತು. ಆ ಹೆಚ್ಚಿನ ಒಂದು ಮಾರ್ಕು ಯಾರದೆಂದು ನನಗೆ ಗೊತ್ತು.

ಎರಡು ವರ್ಷ ಕಳೆದ ಮೇಲೆ ಮಾವ ಏರಿಯ ಮೇಲೆ ನಡೆಯುವಾಗ ನಡುವೆ ಒಂದು ಕಡೆ ಕೂರಲು ಶುರು ಮಾಡಿದ. ಆಮೇಲೆ ಎರಡು ಕಡೆ. ಅಂಗಿ ಸಡಿಲವಾಯಿತು. ಕೇಳಿದರೆ, "ಏನೂ ಇಲ್ಲ ಕಣ್ಲಾ, ಸಂದಾಗಿವ್ನಿ" ಅನ್ನುತ್ತಿದ್ದ. ನಾನೇ ಬಲವಂತ ಮಾಡಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ಅವನನ್ನು ಮಂಚದ ಮೇಲೆ ಬಿಟ್ಟು ನನ್ನನ್ನು ಮಾತ್ರ ಹೊರಗೆ ಕರೆದು ಹೇಳಿದರು. ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿದೆ, ಬಹಳ ದೂರ ಬಂದಿದೆ, ಮನೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಒಳಗೆ ಬಂದು ಮಂಚದ ಪಕ್ಕ ಕೂತೆ. ಅವನ ಎಡಗಿವಿ ನನ್ನ ಕಡೆಗಿತ್ತು. ಗೆರೆ ಹಾಗೇ ಇತ್ತು.

"ನೋವದಾ ಮಾವ?"

"ಏನೂ ಗೊತ್ತಾಯ್ತಿಲ್ಲ ಕಣ್ಲಾ. ಅಸಿವು ಒಂದಿಲ್ಲ, ಅಷ್ಟೇ." ನನ್ನ ಮುಖವನ್ನೇ ನೋಡುತ್ತಿದ್ದ. "ಡಾಕ್ಟ್ರು ಬೋ ಮೀಸೆ ಬುಟ್ಟವ್ರೆ. ಅದುಕ್ಕೊಂದು ತಮಾಸೆ ಮಾಡ್ನಿಲ್ಲ ನೀನು."

ನಾನು ಅವನ ಕಾಲ ಮೇಲಿನ ಹೊದಿಕೆ ಸರಿಮಾಡಿದೆ.

ಮಾವ ಮತ್ತೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿ ಅಂದ:

"ದಾಟ್ಬುಟ್ಟಿವ್ನಿ ಅನ್ನು."

ಮೂರು ವಾರ ಇದ್ದ. ಅವನ ಕೆಲಸಕ್ಕೆ ಇಲಾಖೆಯಿಂದ ಇನ್ನೂ ಯಾರೂ ಬಂದಿರಲಿಲ್ಲ. ತೀರಿಕೊಂಡ ವಾರವೇ ಕೊನೆ ಬಯಲಿನ ಸರದಿ ಬಂತು. ಆ ಬಯಲಿನವರು ಕಾಯುತ್ತಿದ್ದರು. ಊರವರು ನನ್ನನ್ನು ತೂಬಿಗೆ ಕಳಿಸಿದರು. ಸಲಾಕೆ ತಿರುಗಿಸಿದೆ. ನೀರು ಸುತ್ತತೊಡಗಿತು. ಅವನು ನೆಟ್ಟ ಬಿದಿರ ಕಡ್ಡಿಗಳಲ್ಲಿ ಮೂರು ಇನ್ನೂ ನಿಂತಿದ್ದವು. ಎಷ್ಟು ಸುತ್ತು ಸಾಕು, ಎಷ್ಟು ಜಾಸ್ತಿ, ನನಗೆ ತಿಳಿಯದು. ಸಲಾಕೆಗೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿದೆ. ಮೊದಲು 'ಗೊಂಯ್' ಅಂತ ಮಾತ್ರ ಕೇಳಿಸಿತು. ನಾನು ಕಿವಿ ತೆಗೆಯಲಿಲ್ಲ.